ದೋಣಿಯೊಳಗಿನ ಚಾತ್ತ

ಸುಭಾಷಿಣಿ ಎಂದು ಹೆಸರಿಟ್ಟ ಅಪ್ಪನಿಗೆ ಮುಂದಿನದೇನು ಗೊತ್ತಿತ್ತು? ಮಗಳು ನಾಲ್ಕು ಜನರೆದುರು ಚೆಂದ ಮಾತಾಡಲಿ ಎಂದು ಆಸೆಪಟ್ಟು ಇಟ್ಟ ಹೆಸರು. ಅವಳೋ ಹದಿನಾಲ್ಕು ವರ್ಷ, ಕೆಲಸವಿದ್ದ ದಿನವೆಲ್ಲ, ಬೆಳಗಿನಿಂದ ಸಂಜೆಯ ತನಕ ಬಾಯಿಗೆ ಬೀಗ ಹಾಕಿಕೊಂಡು ಸರಕು ದೋಣಿಗಳ ಹೊಟ್ಟೆಯಲ್ಲಿ ಕೂತಳು. ಅದು ಮುಗಿದು ಹದಿನೇಳು ವರ್ಷವಾಗಿತ್ತು. ಅರವತ್ತೇಳರ ಈ ವಯಸ್ಸಿನಲ್ಲಿ ಅವಳು ದೇವರ ಹತ್ತಿರ ಕೇಳಿಕೊಳ್ಳುತ್ತಿದ್ದದ್ದು ಒಂದೇ: ಇನ್ನು ಸಾಯುವ ತನಕ ದೋಣಿಯೊಳಗೆ ಕೂರಿಸಬೇಡಪ್ಪಾ, ಬೇಕಾದರೆ ದೋಣಿಯ ಕೆಳಗೆ ಹೂತುಬಿಡು.

ದೇವರಿಗೆ ಕೇಳಿಸಿರಬೇಕು. ಕೇಳಿಸಿಯೇ ಜೋಮೋನನನ್ನು ಕಳಿಸಿದ.

ಜೋಮೋನ್ ಸರ್ಕಾರಿ ಬೋಟಿನ ಚುಕ್ಕಾಣಿ ಹಿಡಿಯುವವನು, ಹಿನ್ನೀರಿನ ಊರು ಪೂತ್ತಂಕರಿಯ ಕಲಾಸಮಿತಿಯ ಕಾರ್ಯದರ್ಶಿ. ವಯಸ್ಸು ನಲವತ್ತು ದಾಟಿದರೂ ಮಾತಾಡುವಾಗ ಕೈಕಾಲೆಲ್ಲ ಕುಣಿಸುವ ಅಭ್ಯಾಸ. ಧನುಮಾಸದ ಒಂದು ಮಧ್ಯಾಹ್ನ ಮೊಳಕಾಲ ತನಕ ಕೆಸರು ಮೆತ್ತಿಕೊಂಡು ಅಂಗಳದಲ್ಲಿ ಬಂದು ನಿಂತ.

"ಆಶಾನೇ, ಎದ್ದಳು! ತಾಯಿ ಎದ್ದಳು!"

ಜಗುಲಿಯಲ್ಲಿ ಕೂತಿದ್ದ ಉತ್ತಮನ್ ಎರಡೂ ಕೈಗಳನ್ನು ತೊಡೆಯ ಕೆಳಗೆ ಸೇರಿಸಿಕೊಂಡ. ಜನ ಬಂದಾಗಲೆಲ್ಲ ಅವನು ಹಾಗೆ ಮಾಡುತ್ತಿದ್ದ. ದೋಣಿ ಹೊಲಿಯುವವರಲ್ಲಿ ಈ ಸೀಮೆಗೇ ಆಶಾನ್ ಎನಿಸಿಕೊಂಡ ಗುರು ಅವನು. ನಾಲ್ಕು ವರ್ಷದಿಂದ ಆ ಕೈಗಳು ಅವನ ಮಾತು ಕೇಳುತ್ತಿರಲಿಲ್ಲ. ಲೋಟ ಹಿಡಿದರೆ ಅರ್ಧ ಚಹಾ ನೆಲದ ಪಾಲು.

"ಯಾರು ಎದ್ದದ್ದು? ಸತ್ತವರಾ?" ಹಿತ್ತಿಲಲ್ಲಿ ಮೀನು ಕೊಯ್ಯುತ್ತಿದ್ದ ಸುಭಾಷಿಣಿ ಅಲ್ಲಿಂದಲೇ ಕೇಳಿದಳು.

"ಕೊಳತ್ತಿಲ್ ಮನೆಯವರ ಅಕ್ಕಿ ದೋಣಿ, ಚೇಚೀ. ಒಣಗಿ ಬಿರಿಯಬಾರ್ದು ಅಂತ ಹದಿನೈದು ವರ್ಷ ಕೆಸರಲ್ಲಿ ಮುಳುಗಿಸಿ ಇಟ್ಟಿದ್ರಲ್ಲ, ಅದೇ. ಮೂವತ್ತು ಜನ ಸೇರಿ ಎತ್ತಿದ್ವಿ. ಹಲಗೆ ಕಬ್ಬಿಣ ಇದ್ದ ಹಾಗಿದೆ. ಹುರಿ ಮಾತ್ರ ಕೈ ಹಾಕಿದ್ರೆ ಶಾವಿಗೆ."

ಮಹಾನೆರೆಯ ವರ್ಷ ಕಲಾಸಮಿತಿಯ ಕಟ್ಟಡ ತಳಪಾಯ ಸಮೇತ ಕೊಚ್ಚಿಹೋಗಿತ್ತು. ಉಳಿದದ್ದು ಒಂದು ಹಾರ್ಮೋನಿಯಂ. ಅದೂ ಮೂರು ದಿನದ ಮೇಲೆ ಯಾರದೋ ತೆಂಗಿನ ಬುಡದಲ್ಲಿ ಸಿಕ್ಕಿ, ಅಂದಿನಿಂದ ಯಾವ ಕೀ ಒತ್ತಿದರೂ ಒಂದೇ ಸ್ವರ ಹೊರಡಿಸುತ್ತಿತ್ತು. ಮತ್ತೆ ಕಟ್ಟೋಣ ಎಂದರೆ ಪೂತ್ತಂಕರಿಯಲ್ಲಿ ನೆಲವೆಲ್ಲಿದೆ? ಇರುವುದು ನೀರು, ನೀರಿನ ನಡುವೆ ಗದ್ದೆ, ಗದ್ದೆಯ ಅಂಚಿಗೆ ಮನೆ. ಐದು ವರ್ಷ ಸಭೆ ಸೇರಿ, ಚಹಾ ಕುಡಿದು, ಜಗಳಾಡಿ ಕೊನೆಗೆ ತೀರ್ಮಾನವಾದದ್ದು ಇದು: ನೆಲ ಇಲ್ಲದಿದ್ದರೆ ಹೋಗಲಿ, ನೀರಿನ ಮೇಲೇ ರಂಗಮಂದಿರ. ಹಳೆಯ ಸರಕು ದೋಣಿಯ ಒಂದು ತುದಿಗೆ ವೇದಿಕೆ, ನಡುವೆ ಜನ ಕೂರಲು ಬೆಂಚು, ಮಗ್ಗುಲಲ್ಲಿ ಪುಸ್ತಕದ ಕಪಾಟು. ಇವತ್ತು ದೋಣಿ ಕಟ್ಟುವ ಈ ಕಡವಿನಲ್ಲಿ ನಾಟಕ, ನಾಳೆ ಆಚೆ ಕಡವಿನಲ್ಲಿ ಹೆಂಗಸರ ಕುಣಿತ. ಪ್ರೇಕ್ಷಕರು ಬಾರದಿದ್ದರೆ ರಂಗಮಂದಿರವೇ ಅವರ ಮನೆಬಾಗಿಲಿಗೆ ಹೋಗುತ್ತದೆ; ತಪ್ಪಿಸಿಕೊಳ್ಳುವುದು ಹೇಗೆ?

"ಸಮಿತೀಲಿ ಅರ್ಧ ಜನ ಫೈಬರ್ ಹೊಡೆಸಿಬಿಡೋಣ ಅಂತಾರೆ, ಆಶಾನೇ," ಎಂದ ಜೋಮೋನ್ ತಲೆ ಕೆರೆದುಕೊಂಡು. "ಹೊಲಿಯೋರು ಯಾರಿದಾರೆ ಈಗ, ಉತ್ತಮನ್ ಆಶಾನಿಗೂ ಮುಗೀತಲ್ಲ ಅಂತಾರೆ."

ಅಷ್ಟು ಸಾಕಾಯಿತು. "ಯಾರು ಹೇಳಿದ್ದು ಮುಗೀತು ಅಂತ? ಆ ದೋಣಿಗೆ ಪ್ಲಾಸ್ಟಿಕ್ ಬಳಿಯೋದಾದ್ರೆ ಮೊದಲು ನನ್ನ ಮೈಗೆ ಬಳೀರಿ. ನಾನು ಹೊಲೀತೀನಿ. ಕುಂಭಮಾಸ ಮುಗಿಯೋದ್ರೊಳಗೆ ನೀರಿಗಿಳಿಸ್ತೀನಿ. ನೀನು ಹುರಿ ಎಳೆಯೋಕೆ ಬಾ ಸಾಕು. ಉಳಿದದ್ದು ನಾನೊಬ್ಬನೇ."

ಹಿತ್ತಿಲಲ್ಲಿ ಕತ್ತಿ ನಿಂತಿತು.

"ಒಬ್ಬನೇನಾ?" ಜೋಮೋನ್ ಕಣ್ಣು ಮಿಟುಕಿಸಿದ. "ಚಾತ್ತ ಬರಲ್ವಾ?"

"ಕರೆದ್ರೆ ಬರ್ತಾನೆ," ಎಂದ ಉತ್ತಮನ್ ಗಂಭೀರವಾಗಿ.

ಸುಭಾಷಿಣಿ ಮೀನಿನ ಹೊಟ್ಟೆಯನ್ನು ಬೇಕಾದ್ದಕ್ಕಿಂತ ಜೋರಾಗಿ ಸೀಳಿದಳು.

ದೋಣಿ ಹೊಲಿಯುವುದು ಒಬ್ಬರ ಕೈಯಲ್ಲಿ ಆಗುವ ಕೆಲಸವಲ್ಲ. ಹೆಬ್ಬಲಸಿನ ಹಲಗೆಗೆ ಹಲಗೆ ಸೇರಿಸಿ, ಸಂದಿಗೆ ತೆಂಗಿನ ನಾರು ತುಂಬಿ, ತೂತಿನಿಂದ ತೂತಿಗೆ ಹುರಿ ಪೋಣಿಸಿ ಬಿಗಿಯಬೇಕು; ಒಂದು ಮೊಳೆಯೂ ಬೀಳುವಂತಿಲ್ಲ. ಪೋಣಿಸಿ ಎಳೆಯುವವನು ಹೊರಗೆ, ಹಿಡಿದು ಗಂಟು ಹಾಕುವವನು ಒಳಗೆ. ನಡುವೆ ಹಲಗೆ, ಒಬ್ಬರ ಮುಖ ಒಬ್ಬರಿಗೆ ಕಾಣುವುದಿಲ್ಲ. ಹೊರಗಿನವನು "ಹಿಡೀತಾ?" ಎಂದು ಕೂಗುತ್ತಾನೆ. ಗಂಟು ಕೂತ ಮೇಲೆ ಒಳಗಿನವನು "ಹಿಡೀತು" ಎನ್ನುತ್ತಾನೆ. ಆ ಮಾತು ಬರುವ ಮೊದಲೇ ಹೊರಗಿನವನು ಎಳೆದರೆ ಒಳಗಿನವನ ಬೆರಳು ಹೋಯಿತು.

ಉತ್ತಮನ್ ಎಂದೂ ಹೊರಗಿನವನೇ. ಒಳಗೆ ಕೂರುತ್ತಿದ್ದವನು ಸುಭಾಷಿಣಿಯ ತಮ್ಮ ಪುಷ್ಕರನ್. ಮೂವತ್ತೊಂದು ವರ್ಷದ ಹಿಂದೆ ಇದೇ ಕೊಳತ್ತಿಲ್ ದೋಣಿಯನ್ನು ಅರ್ಧ ಹೊಲಿದಿದ್ದಾಗ ಅವನು, "ಚಹಾ ಕುಡಿದು ಬರ್ತೀನಿ ಭಾವ" ಎಂದು ಎದ್ದು ಹೋದ. ಆರು ತಿಂಗಳ ಮೇಲೆ ಮಸ್ಕತ್ತಿನಿಂದ ಕಾಗದ ಬಂತು. ಚಹಾ ಹೇಗಿತ್ತು ಎಂದು ಬರೆದಿರಲಿಲ್ಲ.

ಆಗ ಕೊಯ್ಲಿನ ಕಾಲ, ದೋಣಿ ಯಾವಾಗ ಎಂದು ಕೊಳತ್ತಿಲ್ ಮನೆಯವರು ದಿನಕ್ಕೆರಡು ಸಲ ಆಳು ಕಳಿಸುತ್ತಿದ್ದರು. ಗಂಜಿ ತಂದ ಸುಭಾಷಿಣಿ ನೋಡುತ್ತಾಳೆ, ಗಂಡ ತಲೆಗೆ ಕೈಹೊತ್ತು ಕೂತಿದ್ದಾನೆ. ಅವಳು ಚಿಕ್ಕಂದಿನಿಂದ ಹಗ್ಗ ಹೊಸೆದು ಬೆಳೆದವಳು. ಗಂಜಿಯ ಪಾತ್ರೆ ಕೆಳಗಿಟ್ಟು, ಮುಂಡು ಮೇಲೆ ಕಟ್ಟಿ, ಏಣಿ ಹತ್ತಿ ಒಳಗಿಳಿದಳು. "ಎಳೀರಿ ನೋಡೋಣ," ಎಂದಳು. ಸಂಜೆಯ ಹೊತ್ತಿಗೆ ಉತ್ತಮನ್ ಒಳಗೆ ಇಣುಕಿ ನೋಡಿದರೆ ಗಂಟುಗಳು ಪುಷ್ಕರನದಕ್ಕಿಂತ ಬಿಗಿ.

ಆದರೆ ಹೊಲಿಗೆ ನಡೆಯುತ್ತಿರುವ ದೋಣಿಯೊಳಗೆ ಹೆಂಗಸು ಕಾಲಿಟ್ಟರೆ ಹಲಗೆ ಬಾಯಿ ಬಿಡುತ್ತದೆ ಎಂಬುದು ಊರಿನ ನಂಬಿಕೆ. ಮಾಲೀಕರ ಕಿವಿಗೆ ಬಿದ್ದರೆ ಆ ದೋಣಿಯೂ ಹೋಯಿತು, ಕಸುಬೂ ಹೋಯಿತು. ಅದಕ್ಕೇ ಅವಳು ಬೆಳಕು ಹರಿಯುವ ಮೊದಲು ಒಳಗಿಳಿದು, ಮೇಲೆ ಚಾಪೆ ಮುಚ್ಚಿಸಿಕೊಂಡು, ಎಲ್ಲರೂ ಹೋದ ಮೇಲೆ ಹೊರಗೆ ಬರುತ್ತಿದ್ದಳು. "ಹಿಡೀತು" ಎಂದರೆ ದನಿ ಗುರುತು ಸಿಗುತ್ತದೆ. ಆ ಮಾತಿನ ಬದಲು ಬೆರಳ ಗೆಣ್ಣಿನಿಂದ ಹಲಗೆಗೆ ಎರಡು ಸಲ ಕುಟ್ಟುತ್ತಿದ್ದಳು. ಟಕ್ ಟಕ್.

ಕಡವಿನ ಹತ್ತಿರದ ಚಹಾ ಅಂಗಡಿಯ ವರ್ಕಿಚ್ಚನ್ ಮೊದಲು ಸುದ್ದಿ ಹಬ್ಬಿಸಿದ: ಉತ್ತಮನ್ ಕುಟ್ಟಿಚಾತ್ತನೆಂಬ ಪುಟ್ಟ ಭೂತವನ್ನು ಸಾಕಿದ್ದಾನೆ, ಅದು ಒಳಗೆ ಕೂತು ಗಂಟು ಹಾಕುತ್ತದೆ. ಊರಿಗೆ ಇದು ಹಬ್ಬವಾಯಿತು. ಕೊನೆಯ ಗಂಟು ಹಾಕುವ ದಿನ ದೀಪ ಹಚ್ಚಿ ತೆಂಗಿನಕಾಯಿ ಒಡೆಯುವುದು ಮೊದಲಿನಿಂದಲೂ ಇದ್ದ ಪದ್ಧತಿ. ಈಗ ಚಾತ್ತ ಕುಟ್ಟುವುದನ್ನು ಕೇಳಲು ಆಚೆ ದಡದಿಂದಲೂ ಜನ ಬರತೊಡಗಿದರು. ಚಾತ್ತನ ಪಾಲಿಗೆಂದು ಬಾಳೆಲೆಯಲ್ಲಿ ಸುಟ್ಟ ಮೀನು, ಒಂದು ಕುಡಿಕೆ ಕಳ್ಳು ಚಾಪೆಯ ಸಂದಿಯಿಂದ ಒಳಗೆ ಬರುತ್ತಿತ್ತು. ಮೀನು ತಿಂದು ಕಳ್ಳು ಚೆಲ್ಲುತ್ತಿದ್ದೆ ಎಂದು ಸುಭಾಷಿಣಿ ಹೇಳುತ್ತಾಳೆ. ನಂಬುವುದು ಬಿಡುವುದು ಕೇಳಿದವರಿಗೆ ಬಿಟ್ಟದ್ದು.

ಮೊದಲೆರಡು ವರ್ಷ ಗಂಡ ಹೆಂಡತಿ ಇದನ್ನು ನೆನೆದು ಹೊಟ್ಟೆ ಹಿಡಿದು ನಕ್ಕರು. ಆಮೇಲೆ ಅವಳ ನಗು ಸವೆಯಿತು, ಅವನದು ಸವೆಯಲಿಲ್ಲ. ಒಳಗೂ ಹೊರಗೂ ಒಬ್ಬನೇ ಹೊಲಿಯುವ ಆಶಾನ್ ಎಂದು ಹೆಸರು ಬಂತು. ಹೆಸರಿನ ಹಿಂದೆ ಕೆಲಸ ಬಂತು, ಕೆಲಸದ ಹಿಂದೆ ಶಾಲು ಬಂತು. ಹೇಳುತ್ತಾ ಹೇಳುತ್ತಾ ಅವನಿಗೇ ಅರ್ಧ ನಂಬಿಕೆ ಬಂದಿತ್ತೋ ಏನೋ. ಅವಳಿಗೆ ಬಂದದ್ದು ನಾರಿನ ಧೂಳಿನ ಕೆಮ್ಮು, ಹಲಗೆಗೆ ಬಳಿಯುವ ಮೀನೆಣ್ಣೆಯ ವಾಸನೆ, ಎಷ್ಟು ತಿಕ್ಕಿದರೂ ಹೋಗದ ಗೇರೆಣ್ಣೆಯ ಕಪ್ಪು. ಕೈಯೇಕೆ ಹಾಗಿದೆ ಎಂದು ಯಾರಾದರೂ ಕೇಳಿದರೆ ಗಂಜಿ ಪಾತ್ರೆಯ ಮಸಿ ಎನ್ನುತ್ತಿದ್ದಳು. ಮಗಳ ಮದುವೆಯ ಹಿಂದಿನ ದಿನವೂ ಅವಳು ಯಾರದೋ ದೋಣಿಯೊಳಗಿದ್ದಳು.

ಜೋಮೋನ್ ಅತ್ತ ಹೋದದ್ದೇ ಅವಳು ಮೀನಿನ ಕೈಯಲ್ಲೇ ಜಗುಲಿಗೆ ಬಂದು ನಿಂತಳು.

"ಒಬ್ಬನೇನಾ?"

"ಬಾಯಿ ತಪ್ಪಿ ಬಂತು."

"ನಿಮ್ಮ ಬಾಯಿ ತಪ್ಪಿದ್ರೆ ನನ್ನ ಸೊಂಟ ಮುರೀಬೇಕು. ಒಂದು ಮಾತು ಕೇಳಿದ್ರಾ ನನ್ನ?"

"ಎಡೀ, ಕೇಳಿಲ್ಲಿ..."

"ನಲವತ್ತೇಳು ವರ್ಷ ಆಯ್ತು ಹೆಸರು ಬಿಟ್ಟು ಎಡೀ ಅಂತ ಕೂಗಿಸ್ಕೊಂಡು. ಕೇಳ್ತಾನೇ ಇದೀನಿ."

ಉತ್ತಮನ್ ತೊಡೆಯ ಕೆಳಗಿನಿಂದ ಕೈಗಳನ್ನು ತೆಗೆದು ಅವಳ ಮುಂದೆ ಹಿಡಿದ. ಗಾಳಿಗೆ ಸಿಕ್ಕ ಒಣಗಿದ ಎಲೆಯಂತೆ ಅವು ಅಲ್ಲಾಡುತ್ತಿದ್ದವು. "ಇವನ್ನ ನೋಡು. ಹುರಿ ಎಳೆಯೋಕೂ ಆಗಲ್ಲ ನನಗೆ. ನನ್ನ ಹತ್ರ ಇನ್ನೇನು ಉಳಿದಿದೆ ಹೇಳು? ಹೆಸರೊಂದೇ."

"ನಿಮ್ಮ ಹತ್ರ ಅದಾದ್ರೂ ಇದೆ," ಎಂದಳು ಸುಭಾಷಿಣಿ.

ಮಾತು ಬಾಯಿಂದ ಬಿದ್ದ ಮೇಲೆ ಅವಳಿಗೇ ಅಳು ಬಂತು. ಅದನ್ನು ಅವನಿಗೆ ತೋರಿಸುವುದೇಕೆ ಎಂದು ಹಿತ್ತಿಲಿಗೆ ಹೋಗಿ, ತೊಳೆದ ಮೀನನ್ನೇ ಮತ್ತೊಮ್ಮೆ ತೊಳೆದಳು. ಅವಳಿಗೆ ಸಿಟ್ಟಿಗಿಂತ ಹೆಚ್ಚಾಗಿ ಸುಸ್ತು. ಮಲಗಿ ಎದ್ದರೆ ಹೋಗುವ ಸುಸ್ತಲ್ಲ ಅದು. ಮಲಗುವಾಗಲೂ ಜೊತೆಗೆ ಮಲಗಿ, ಏಳುವಾಗ ಅವಳಿಗಿಂತ ಮೊದಲು ಏಳುವಂಥದ್ದು. ಬೇಡ ಎನ್ನಬಹುದಿತ್ತು. ಎಂದರೆ ದೋಣಿಗೆ ಫೈಬರ್ ಬೀಳುತ್ತದೆ, ಈ ಮನುಷ್ಯ ಜಗುಲಿಯಲ್ಲಿ ಕೂತು ಕೈ ಮುಚ್ಚಿಕೊಂಡೇ ಸಾಯುತ್ತಾನೆ. ಅದನ್ನೂ ನೋಡಬೇಕಾದವಳು ಅವಳೇ.

ಮರುದಿನ ಕಪ್ಪು ಚಹಾ ತಂದು ಮುಂದಿಟ್ಟು ಹೇಳಿದಳು: "ಕೂರ್ತೀನಿ. ಇದೇ ಕೊನೆ. ಆದ್ರೆ ಒಂದು. ಕೊನೇ ಗಂಟಿನ ದಿನ ಊರವರ ಮುಂದೆ 'ಹಿಡೀತಾ' ಅಂತ ಕೇಳ್ತೀರಲ್ಲ, ಅವತ್ತು ನಾನು ಕುಟ್ಟಲ್ಲ. ಬಾಯಿ ಬಿಟ್ಟು ಹೇಳ್ತೀನಿ."

ಉತ್ತಮನ ಮುಖ ಇಳಿಯಿತು. "ಊರು ನಗುತ್ತೆ."

"ನಗಲಿ."

"ಇಷ್ಟು ವರ್ಷ ಸುಳ್ಳು ಹೇಳ್ದ ಅಂತಾರೆ."

"ಹೇಳಿಲ್ವಾ ಮತ್ತೆ?"

ಹಳೆಯ ಹುರಿ ಕೊಯ್ಯುವ ಮೊದಲು ದೋಣಿಯನ್ನು ತಿಕ್ಕಿ ತೊಳೆಯುವುದಿತ್ತು. ಅದಕ್ಕೆಂದು ಬಂದವಳು ಅನಘ, ಚಿತ್ರಕಲೆ ಕಲಿತು ಬಂದ ಊರಿನದೇ ಹುಡುಗಿ. ರಂಗಮಂದಿರ ಹೇಗಿರಬೇಕು ಎಂದು ನಕ್ಷೆ ಬರೆದವಳೂ ಅವಳೇ. ಸಮಿತಿಯವರಿಗೆ ಒಳಗೋಡೆಗೆ ಪ್ಲೈವುಡ್ ಹೊಡೆಸಿ ಬಣ್ಣ ಬಳಿಯುವ ಆಸೆ. ಅವಳು ಕೇಳಲಿಲ್ಲ. "ಇಂಥ ಹೊಲಿಗೆ ಇಟ್ಕೊಂಡು ಅದರ ಮೇಲೆ ಪ್ಲೈವುಡ್ಡಾ? ಹೊಲಿಗೆ ಕಾಣ್ಲಿ. ಜನ ಇದನ್ನ ನೋಡ್ಕೊಂಡೇ ನಾಟಕ ನೋಡ್ಲಿ," ಎಂದಳು. ಹೊರಗೋಡೆಯ ಮೇಲೆ ಬರೆಯುವ ಹೆಸರು ಯಾವುದು ಎಂಬುದರ ಮೇಲೆ ಎರಡು ಸಭೆ ಮುರಿದುಬಿದ್ದವು. ವೇದಿಕೆ ಮೂತಿಯ ಕಡೆಗೋ ಚುಕ್ಕಾಣಿಯ ಕಡೆಗೋ ಎಂದು ಮೂರನೆಯದೂ ಮುರಿದುಬಿತ್ತು. ಸುಭಾಷಿಣಿಗೆ ಅದೆಲ್ಲ ದೂರದ ಗಲಾಟೆ.

ಒಂದು ದಿನ ಅನಘ ಮೈಯೆಲ್ಲ ಕರಿ ಮಾಡಿಕೊಂಡು ಜಗುಲಿಗೆ ಬಂದಳು. ಸುಭಾಷಿಣಿ ಪಕ್ಕದಲ್ಲೇ ಮರಗೆಣಸು ಹೆಚ್ಚುತ್ತಾ ಕೂತಿದ್ದಳು.

"ಆಶಾನೇ, ಒಂದು ವಿಚಿತ್ರ. ಮೂತಿಯಿಂದ ನಡುವಿನ ತನಕ ಎಲ್ಲಾ ಗಂಟಿನ ತುದಿ ಒಂದು ಕಡೆಗಿದೆ. ನಡುವಿನಿಂದ ಆಚೆಗೆ ಪೂರಾ ತಿರುಗಿಬಿಟ್ಟಿದೆ. ಕೈ ಬದಲಾದ ಹಾಗಿದೆ. ಯಾರು ಕೂತಿದ್ರು ಒಳಗೆ?"

ಸುಭಾಷಿಣಿ ತಲೆ ಎತ್ತಲಿಲ್ಲ. ಹೇಳಲಿ ಎಂದು ಕಾದಳು. ಒಂದು ಹೆಸರು, ನಾಲ್ಕೇ ಅಕ್ಷರ.

"ಮೊದಲರ್ಧ ನನ್ನ ಭಾವಮೈದ," ಎಂದ ಉತ್ತಮನ್. ಕೈಗಳನ್ನು ತೊಡೆಯ ಕೆಳಗೆ ಇನ್ನಷ್ಟು ಒಳಕ್ಕೆ ತಳ್ಳಿದ. "ಆಮೇಲಿಂದು ಚಾತ್ತಂದು. ಚಾತ್ತಂದು ಎಡಗೈ."

ಅನಘ ನಕ್ಕಳು. ನಗುತ್ತಲೇ ಅವಳ ಕಣ್ಣು ಪಕ್ಕಕ್ಕೆ ಹೊರಳಿತು. ಮರಗೆಣಸನ್ನು ಸುಭಾಷಿಣಿ ಬಲಗೈಯಲ್ಲಿ ಹಿಡಿದು ಎಡಗೈಯಲ್ಲಿ ಹೆಚ್ಚುತ್ತಿದ್ದಳು. ಹುಡುಗಿಯ ನಗು ನಿಂತಿತು. ಸ್ವಲ್ಪ ಹೊತ್ತು ಬಿಟ್ಟು, ಬಾವಿಕಟ್ಟೆಯಲ್ಲಿ ಕೈ ತೊಳೆಯುವಾಗ ಮೆಲ್ಲಗೆ ಕೇಳಿದಳು: "ಅಮ್ಮೂಮ್ಮಾ, ಈ ಚಾತ್ತಂಗೆ ಎಡಗೈ ಹೇಗೆ ಬಂತು?"

"ಚಾತ್ತಂದು ಎಲ್ಲಾ ಎಡವಟ್ಟೇ ಮಗಾ," ಎಂದಳು ಸುಭಾಷಿಣಿ, ನೀರು ಹೊಯ್ಯುತ್ತಾ.

ಹೊಲಿಗೆ ನಲವತ್ತು ದಿನ ಹಿಡಿಯಿತು. ಹೊರಗೆ ಉತ್ತಮನ್ ಮಣೆಯ ಮೇಲೆ ಕೂತು ಬಾಯಲ್ಲೇ ಹೊಲಿದ. ಅವನು ಹೇಳಿದಂತೆ ಜೋಮೋನ್ ಹುರಿ ಪೋಣಿಸಿ ಎಳೆದ. ರಜೆ ಹಾಕಿ ಬಂದಿದ್ದ ಜೋಮೋನನಿಗೆ ಮೊದಲ ದಿನವೇ ಅಪ್ಪಣೆಯಾಗಿತ್ತು: "ಒಳಗೆ ಯಾರು ಅಂತ ಕೇಳಬೇಡ."

"ಕೇಳಲ್ಲ ಆಶಾನೇ. ನಾನು ಕೆಂಬಾವುಟದ ಪಾರ್ಟಿಯವನು, ಚಾತ್ತನ್ನ ನಂಬಲ್ಲ. ಆದ್ರೆ ಹೆದರ್ತೀನಿ."

ಒಳಗೆ ಸುಭಾಷಿಣಿ ಮೊದಲಿನಂತೆ ಕುಟ್ಟುತ್ತಿದ್ದಳು. ಕುಟ್ಟುವುದಿಲ್ಲ ಎಂದದ್ದು ಕೊನೆಯ ದಿನದ ಮಾತು. ಮೂವತ್ತಾರರಲ್ಲಿ ಮಡಚಿದ್ದ ಕಾಲು ಅರವತ್ತೇಳರಲ್ಲಿ ಮಡಚಲು ಒಪ್ಪಲಿಲ್ಲ. ಮೊದಲ ವಾರ ಬೆರಳ ತುದಿ ಒಡೆದು ಹುರಿಗೆ ರಕ್ತ ಹತ್ತಿತು. ಎರಡನೆಯ ವಾರ ಆ ನೋವು ಸೊಂಟದ ನೋವಿನಲ್ಲಿ ಮುಚ್ಚಿಹೋಯಿತು. ಆದರೆ ಕೈ ಮರೆತಿರಲಿಲ್ಲ. ನಾರನ್ನು ಒತ್ತಿ, ಹುರಿಯನ್ನು ಸುತ್ತಿ, ಎಡಗೈಯಿಂದ ಒಳಕ್ಕೆ ಜಗ್ಗಿ ಕೂರಿಸಿದರೆ ಗಂಟು ಹಲಗೆಯೊಳಗೆ ಮನೆ ಮಾಡುತ್ತಿತ್ತು. ಆ ಒಂದು ಕ್ಷಣ ಮಾತ್ರ ಅವಳಿಗೆ ಹಿತವೆನಿಸುತ್ತಿತ್ತು. ತನ್ನ ಕೆಲಸ ಚೆನ್ನಾಗಿದೆ ಎಂದು ಅವಳಿಗೆ ಗೊತ್ತಿತ್ತು, ಮತ್ತು ಅದು ಬೇರೆ ಯಾರಿಗೂ ಗೊತ್ತಿಲ್ಲ ಎಂದೂ ಗೊತ್ತಿತ್ತು.

ಪ್ರತಿ ಸಂಜೆ ಉತ್ತಮನ್ ಅವಳ ಸೊಂಟಕ್ಕೆ ಎಣ್ಣೆ ಹಚ್ಚಿದ. ನಡುಗುವ ಕೈಯಲ್ಲಿ ಹಚ್ಚಿದರೆ ತಿಕ್ಕಿದಂತೆಯೇ ಆಗುತ್ತಿತ್ತು, ಅದೊಂದು ಲಾಭ. ಹಚ್ಚುತ್ತಾ ಪ್ರತಿ ಸಂಜೆಯೂ ಅದೇ ಮಾತು ತೆಗೆದ: "ಯೋಚ್ನೆ ಮಾಡಿದ್ಯಾ?" ಅವಳು ಎಣ್ಣೆಯ ಕುಡಿಕೆಯನ್ನು ಅವನ ಹತ್ತಿರಕ್ಕೆ ಸರಿಸಿದಳು. ನಿಜ ಹೇಳಬೇಕೆಂದರೆ ಅವಳಿಗೇ ಧೈರ್ಯವಿರಲಿಲ್ಲ. ಅಭ್ಯಾಸ ಬಲು ಕೆಟ್ಟದ್ದು. ಅಷ್ಟು ವರ್ಷ ಮುಚ್ಚಿದ ಬಾಯಿ ಆ ಹೊತ್ತಿಗೆ ಸರಿಯಾಗಿ ತೆರೆದೀತೇ?

ಕೊನೆಯ ಗಂಟಿನ ದಿನ ಬಂತು. ಬೆಳಗ್ಗೆ ಹತ್ತಕ್ಕೆ ಮುಹೂರ್ತ. ಎಂಟಕ್ಕೇ ಎರಡೂ ದಡದಲ್ಲಿ ಜನ. ಚಿಕ್ಕ ದೋಣಿಗಳಲ್ಲಿ ಬಂದವರು ದೋಣಿಯಲ್ಲೇ ಕೂತರು. ಹೊಸ ಬಿದಿರು ಚಾಪೆಯ ಮಾಡು, ಚುಕ್ಕಾಣಿಯ ಕಡೆಗೆ ವೇದಿಕೆ, ನಡುವೆ ಬೆಂಚುಗಳು. ಎಣ್ಣೆ ಕುಡಿದ ಹಲಗೆ ಬಿಸಿಲಿಗೆ ಮಿರುಗುತ್ತಿತ್ತು. ಹಾರ್ಮೋನಿಯಂ ತಂದು ವೇದಿಕೆಯ ಮೇಲಿಟ್ಟು ಯಾರೋ ಒತ್ತಿ ನೋಡಿದರು. ಅದು ತನ್ನ ಒಂದೇ ಸ್ವರ ನುಡಿಸಿತು, ಜನ ಚಪ್ಪಾಳೆ ತಟ್ಟಿದರು.

ಮೂತಿಯ ಕೊನೆಯಲ್ಲಿ, ಎರಡು ಕಡೆಯ ಹಲಗೆ ಬಂದು ಸೇರುವ ಗೂಡಿನಂಥ ಜಾಗದಲ್ಲಿ, ಚಾಪೆಯ ಮರೆಯಲ್ಲಿ ಸುಭಾಷಿಣಿ ಮುದುರಿ ಕೂತಿದ್ದಳು. ಮೊಳಕಾಲು ಗಲ್ಲಕ್ಕೆ ತಾಗುತ್ತಿತ್ತು. ಚಾಪೆಯ ಸಂದಿಯಿಂದ ಬಾಳೆಲೆಯಲ್ಲಿ ಸುಟ್ಟ ಮೀನು ಒಳಗೆ ಬಂತು. ವರ್ಕಿಚ್ಚನಿಗೆ ಎಂಬತ್ತಾದರೂ ಪದ್ಧತಿ ಮರೆತಿರಲಿಲ್ಲ. ಅವಳು ಅದನ್ನು ಮುಟ್ಟಲಿಲ್ಲ.

ದೀಪ ಹಚ್ಚಿದರು. ತೆಂಗಿನಕಾಯಿ ಒಡೆದ ಸದ್ದು ಕೇಳಿತು. ತೂತಿನಿಂದ ಹುರಿಯ ತುದಿ ಒಳಗೆ ಬಂತು. ಅವಳು ಹಿಡಿದಳು, ಸುತ್ತಿದಳು, ಎಡಗೈಯಿಂದ ಜಗ್ಗಿ ಕೂರಿಸಿದಳು. ಹೊರಗೆ ಎಲ್ಲರೂ ಟಕ್ ಟಕ್ ಕೇಳಲು ಮೂತಿಯ ಕಡೆಗೆ ಕಿವಿಯಿಟ್ಟರು.

"ಹಿಡೀತಾ?" ಉತ್ತಮನ ದನಿ. ಅದರಲ್ಲಿದ್ದ ಹೆದರಿಕೆ ಅವಳೊಬ್ಬಳಿಗೇ ಗೊತ್ತಾಯಿತು.

ಅವಳ ಬೆರಳ ಗೆಣ್ಣು ತಾನಾಗಿ ಹಲಗೆಯ ಕಡೆ ಹೋಯಿತು. ಅಂಗುಲದಷ್ಟು ದೂರದಲ್ಲಿ ಅದನ್ನು ತಡೆದಳು. ಕುಟ್ಟಿದರೆ ಎಲ್ಲ ಸುಖವಾಗಿ ಮುಗಿಯುತ್ತದೆ. ಅವನ ಹೆಸರು ಉಳಿಯುತ್ತದೆ, ಮನೆಗೆ ಹೋಗಿ ಮಲಗಬಹುದು. ಮಲಗುವ ಆಸೆ ಎಷ್ಟಿತ್ತೆಂದರೆ ಅದಕ್ಕಾಗಿಯೇ ಕುಟ್ಟಿಬಿಡುತ್ತಿದ್ದಳೋ ಏನೋ.

"ಹಿಡೀತು," ಎಂದಳು.

ದನಿ ಕೀರಲಾಗಿ ಬಂತು. ಯಾರಿಗೂ ಕೇಳಿಸಲಿಲ್ಲವೇನೋ ಎಂದು ಗಂಟಲು ಸರಿಮಾಡಿಕೊಂಡು ಇನ್ನೊಮ್ಮೆ ಜೋರಾಗಿ ಕೂಗಿದಳು: "ಹಿಡೀತು! ಎಳೀರಿ!"

ಊರು ಬೆಚ್ಚಿಬೀಳುತ್ತದೆ, ಗಲಾಟೆಯಾಗುತ್ತದೆ ಎಂದು ಅವಳು ಕಾದಳು. ಏನೂ ಆಗಲಿಲ್ಲ. ಜೋಮೋನ್ ಹುರಿ ಎಳೆದ. ಯಾರೋ ಕೆಮ್ಮಿದರು. ಆಮೇಲೆ ವರ್ಕಿಚ್ಚನ ಬೊಚ್ಚು ಬಾಯಿಯ ದನಿ ಕೇಳಿತು: "ಅಂತೂ ಚಾತ್ತ ಬಾಯಿ ಬಿಡ್ತಲ್ಲಪ್ಪಾ! ನಾನು ಸಾಯೋದ್ರೊಳಗೆ ಕೇಳ್ತೀನೋ ಇಲ್ವೋ ಅಂತಿದ್ದೆ."

ದಡದ ಮೇಲೆ ನಗು ಹರಡಿತು. ಆಶ್ಚರ್ಯದ ನಗುವಲ್ಲ ಅದು. ಗೊತ್ತಿದ್ದ ಕಥೆ ಮುಗಿದಾಗ ನಗುತ್ತಾರಲ್ಲ, ಅಂಥದ್ದು.

"ನಿಮಗೆ... ಗೊತ್ತಿತ್ತಾ?" ಉತ್ತಮನ್ ತೊದಲಿದ.

"ಗೊತ್ತಿಲ್ದೆ ಏನಪ್ಪಾ! ಹದಿನಾಲ್ಕು ವರ್ಷ ಮೀನು ಸುಟ್ಟು ಕಳಿಸಿದವನು ನಾನು. ಮುಳ್ಳೆಲ್ಲ ಒಂದು ಕಡೆ ಸೇರಿಸಿ, ಎಲೆ ಮಡಚಿ ಇಡೋ ಚಾತ್ತ ಎಲ್ಲಿರುತ್ತೆ? ಅವಳ ಕೈ ನೋಡಿದ್ರೆ ಕುರುಡನಿಗೂ ಗೊತ್ತಾಗ್ತಿತ್ತು. ಕೊಳತ್ತಿಲ್ ಯಜಮಾನ್ರಿಗೂ ಗೊತ್ತಿತ್ತು. ಗಂಟು ಚೆನ್ನಾಗಿದೆ, ಸುಮ್ನಿರಿ ಅಂದಿದ್ರು."

"ಮತ್ತೆ ಯಾಕೆ ಯಾರೂ..."

"ನಿನಗೆ ಬೇಜಾರಾಗ್ಬಾರ್ದು ಅಂತ ಉತ್ತಮಾ. ಅಷ್ಟು ಹೆಮ್ಮೆಯಿಂದ ಹೇಳ್ಕೋತಿದ್ದೆ ನೀನು."

ಒಳಗೆ ಸುಭಾಷಿಣಿಗೆ ಮೊದಲು ಏನೂ ಅನಿಸಲಿಲ್ಲ. ಆಮೇಲೆ ಒಂದೊಂದಾಗಿ ನೆನಪಿಗೆ ಬಂತು. ಬೆಳಕು ಹರಿಯುವ ಮೊದಲು ಕದ್ದು ಬಂದದ್ದು, ಜ್ವರದಲ್ಲಿ ಕೆಮ್ಮನ್ನು ಸೆರಗಿನಲ್ಲಿ ಅದುಮಿಕೊಂಡದ್ದು, ಬೆರಳು ಸಿಕ್ಕಿಕೊಂಡಾಗ ತುಟಿ ಕಚ್ಚಿ ಕೂತದ್ದು. ಎಲ್ಲ ಎಲ್ಲರಿಗೂ ಗೊತ್ತಿತ್ತು. ಗೊತ್ತಿದ್ದೇ ಕಡವಿನಲ್ಲಿ ಕೂತು ಟಕ್ ಟಕ್ ಕೇಳಿ ಚಪ್ಪಾಳೆ ತಟ್ಟಿದ್ದರು.

"ಅವರಿಗೆ ಬೇಜಾರಾಗ್ಬಾರ್ದು ಅಂತ," ಎಂದಳು ಒಳಗಿನಿಂದ. ಈಗ ದನಿಯಲ್ಲಿ ಕೀರಲಿರಲಿಲ್ಲ. "ಸರಿ. ನನಗೆ?"

ನಗು ನಿಂತಿತು. ನೀರಿಗೆ ಹುಟ್ಟು ತಾಗುವ ಸದ್ದು ಮಾತ್ರ. ವರ್ಕಿಚ್ಚನ್ ಏನೋ ಹೇಳಹೋಗಿ ಬಿಟ್ಟ.

"ಚೇಚೀ, ಹೊರಗೆ ಬನ್ನಿ," ಎಂದು ಜೋಮೋನ್ ಬೇಡಿಕೊಂಡ. ಅನಘ ಕರೆದಳು. ಚಾಪೆ ಅಲ್ಲಾಡಲಿಲ್ಲ.

ಆಗ ಹಲಗೆಯ ಮೇಲೆ ಸದ್ದಾಯಿತು. ಟಕ್ ಟಕ್ ಅಲ್ಲ; ಟಕಟಕಟಕ ಎಂದು ನಿಲ್ಲದ ಸದ್ದು. ನಡುಗುವ ಕೈಯಲ್ಲಿ ಎರಡೇ ಸಲ ಕುಟ್ಟುವುದು ಆಗುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಸ್ವಲ್ಪ ಹೊತ್ತು ಕುಟ್ಟಲಿ ಎಂದು ಬಿಟ್ಟಳು.

"ಎಡೀ," ಎಂದ ಉತ್ತಮನ್ ಹಲಗೆಯ ಆಚೆಯಿಂದ, ಸಣ್ಣಗೆ.

"ಚಾತ್ತ ಹೋಯ್ತು," ಎಂದಳು ಅವಳು. "ಬೇರೆ ಯಾರಾದ್ರೂ ಬೇಕಿದ್ರೆ ಹೆಸರು ಹಿಡಿದು ಕರೀರಿ."

ನಲವತ್ತೇಳು ವರ್ಷದಲ್ಲಿ ಅವನು ಅವಳನ್ನು ಹೆಸರು ಹಿಡಿದು ಕರೆದದ್ದಿಲ್ಲ. ಅವನ ಬಾಯಿ ಒಂದೆರಡು ಸಲ ತೆರೆದು ಮುಚ್ಚಿತು. ಆಮೇಲೆ ಊರು ಪೂರಾ ಕೇಳುವಂತೆ, ಕೆಲಸದ ದಿನಗಳ ಹಳೆಯ ಗಂಟಲಿನಲ್ಲಿ ಕೂಗಿದ.

"ಸುಭಾಷಿಣೀ! ಹಿಡೀತಾ?"

ಅವಳು ಏಳಲು ನೋಡಿದಳು. ಆಗಲಿಲ್ಲ.

"ಹಿಡೀತು," ಎಂದಳು. "ಸೊಂಟ. ನನ್ನಿಂದ ಏಳೋಕಾಗಲ್ಲ, ಯಾರಾದ್ರೂ ಒಳಗೆ ಬನ್ನಿ."

ಜೋಮೋನ್ ಏಣಿಗೆ ಕೈ ಹಾಕಿದ. ಉತ್ತಮನ್ ಅವನನ್ನು ಪಕ್ಕಕ್ಕೆ ಸರಿಸಿ ತಾನೇ ಹತ್ತಿದ, ಮೆಟ್ಟಿಲಿಗೊಮ್ಮೆ ನಿಂತು, ಎರಡೂ ಕೈಯಲ್ಲಿ ಏಣಿಯನ್ನು ಅಪ್ಪಿಕೊಂಡು. ಬೆಂಚುಗಳ ನಡುವೆ ತಡವರಿಸುತ್ತಾ ಮೂತಿಯ ತನಕ ಬಂದ. ಚಾಪೆ ಸರಿಸಿ, ತಲೆ ಬಗ್ಗಿಸಿ, ಮೊದಲ ಸಲ ಆ ಗೂಡಿನೊಳಗೆ ಅವಳ ಪಕ್ಕದಲ್ಲಿ ಕೂರಲು ನೋಡಿದ. ಮೊಳಕಾಲು ಹಿಡಿಸಲಿಲ್ಲ. ತಲೆ ಹಲಗೆಗೆ ಬಡಿಯಿತು.

ಅವನು ಆ ಕಡೆ ಈ ಕಡೆ ನೋಡಿದ. ತುಂಬ ಹೊತ್ತು ನೋಡಿದ.

"ಇಷ್ಟು ಇಕ್ಕಟ್ಟಾ ಇಲ್ಲಿ?" ಎಂದ.

"ಹೂಂ," ಎಂದಳು ಸುಭಾಷಿಣಿ. "ಕಾಲು ತುಳೀಬೇಡಿ."